ಕಾಯುವಂತೆ ಮಾಡುವ ಭಾಗವನ್ನು ಮೊದಲು ಹುಡುಕಿ: ಮಿತ ಖರ್ಚಿನಲ್ಲಿ ಡೆಸ್ಕ್‌ಟಾಪ್ ಜೋಡಣೆ

ಐದಾರು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರ್ ನಿಧಾನವಾದಾಗ ನಾವು ಅದನ್ನು ಇಡಿಯಾಗಿ ಹಳೆಯದೆಂದು ತೀರ್ಮಾನಿಸಿ ಹೊಸದರ ಯೋಚನೆಗೆ ತೊಡಗುತ್ತೇವೆ. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ ನೋಡಿದರೆ ಅಲ್ಲಿ ಕಾಣುವುದು ಸ್ಕ್ರೂ ಮತ್ತು ಕೇಬಲ್‌ಗಳಿಂದ ಒಟ್ಟುಗೂಡಿದ ಏಳೆಂಟು ಬಿಡಿಭಾಗಗಳು. ಅವುಗಳಲ್ಲಿ ಒಂದೊಂದರ ಆಯುಸ್ಸೂ ಬೇರೆ, ಮುಪ್ಪಾಗುವ ರೀತಿಯೂ ಬೇರೆ. ಈ ಅನುಕೂಲಕ್ಕೆ ಒಂದು ಇತಿಹಾಸವಿದೆ. 1981ರಲ್ಲಿ ಐಬಿಎಂ ಕಂಪನಿಯು ತನ್ನ ಪರ್ಸನಲ್ ಕಂಪ್ಯೂಟರನ್ನು ಬಹುಮಟ್ಟಿಗೆ ಇತರ ಕಂಪನಿಗಳ ಬಿಡಿಭಾಗಗಳಿಂದಲೇ ಜೋಡಿಸಿ, ಅದರ ತಾಂತ್ರಿಕ ವಿವರಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಅಳತೆಯ ನಿಯಮವು, ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಸ್ಕ್ರೂ ತೂತುಗಳು ಎಲ್ಲಿರಬೇಕು, ಅದರ ಹಿಂಬದಿಯ ಜೋಡಣೆಗಳು ಯಾವ ಚೌಕಟ್ಟಿನೊಳಗೆ ಬರಬೇಕು ಎಂಬುದನ್ನು ಗೊತ್ತುಮಾಡಿತು. ಆದ್ದರಿಂದಲೇ ಹದಿನೈದು ವರ್ಷದ ಹಿಂದಿನ ಒಳ್ಳೆಯ ಕ್ಯಾಬಿನೆಟ್ಟಿನಲ್ಲಿ ಇಂದಿನ ಮದರ್‌ಬೋರ್ಡನ್ನು ಕೂರಿಸಲು ಸಾಧ್ಯವಾಗುತ್ತದೆ. ಕಡಿಮೆ ಹಣದಲ್ಲಿ ಕಂಪ್ಯೂಟರ್ ಕಟ್ಟುವವರ ಲೆಕ್ಕವೆಲ್ಲ ನಿಂತಿರುವುದು ಈ ಬಿಡಿತನದ ಮೇಲೆ.

ಹಣ ಖರ್ಚು ಮಾಡುವ ಮೊದಲು ಯಾವ ಭಾಗ ಉಳಿದವುಗಳನ್ನು ಕಾಯುವಂತೆ ಮಾಡುತ್ತಿದೆ ಎಂಬುದನ್ನು ಕಂಡುಹಿಡಿಯಬೇಕು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಒಂದು ಸೆಕೆಂಡಿಗೆ 400 ಕೋಟಿ ಬಾರಿ ಮಿಡಿಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡ್ ಬೇಕು. ಮುಳ್ಳು ಸರಿಯಾದ ಜಾಡಿಗೆ ಸರಿಯುವ ಹೊತ್ತನ್ನೂ ಸೇರಿಸಿದರೆ ಒಟ್ಟು 10 ಮಿಲಿಸೆಕೆಂಡಿನ ಆಸುಪಾಸು ಆಗುತ್ತದೆ. ಅಷ್ಟು ಹೊತ್ತಿನಲ್ಲಿ ಪ್ರೊಸೆಸರ್ 4 ಕೋಟಿ ಬಾರಿ ಮಿಡಿದಿರುತ್ತದೆ. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸುಮಾರು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಸುತ್ತದೆ. ಕಂಪ್ಯೂಟರ್ ಶುರುವಾಗುವಾಗ ಇಂಥ ಸಾವಿರಾರು ಸಣ್ಣ ಓದುಗಳು ನಡೆಯುವುದರಿಂದ, ಹಾರ್ಡ್‌ಡಿಸ್ಕಿನಲ್ಲಿ ಎರಡು ಮೂರು ನಿಮಿಷ ಹಿಡಿಯುತ್ತಿದ್ದ ಆರಂಭ ಎಸ್‌ಎಸ್‌ಡಿ ಹಾಕಿದ ಮೇಲೆ ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಹಾರ್ಡ್‌ಡಿಸ್ಕಿನಿಂದಲೇ ಶುರುವಾಗುವ ಯಂತ್ರದಲ್ಲಿ ಬೇರೆ ಯಾವ ಭಾಗಕ್ಕೆ ಹಣ ಹಾಕಿದರೂ ಅದು ಕಾಯುವುದನ್ನೇ ಇನ್ನಷ್ಟು ವೇಗವಾಗಿ ಮಾಡುತ್ತದೆ, ಅಷ್ಟೇ.

ಕಾಯುವಿಕೆ ಎಲ್ಲಿದೆ ಎಂದು ನೋಡಲು ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಅದನ್ನು ತೆರೆದಿಟ್ಟುಕೊಂಡೇ ನಿಮ್ಮ ನಿತ್ಯದ ಕೆಲಸವನ್ನು ಅರ್ಧ ಗಂಟೆ ಮಾಡಿ. ಡಿಸ್ಕಿನ ಅಂಕಿ ನೂರಕ್ಕೆ ಮುಟ್ಟಿ ಪ್ರೊಸೆಸರಿನ ಅಂಕಿ ಹದಿನೈದು ಇಪ್ಪತ್ತರಲ್ಲೇ ಉಳಿದಿದ್ದರೆ ದೋಷ ಡಿಸ್ಕಿನಲ್ಲಿದೆ, ಇಲ್ಲವೇ ಕೆಲಸದ ಹೊತ್ತಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಸಾಲದೆ ಕಂಪ್ಯೂಟರ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತಿದೆ. ಎರಡನೆಯದು ಹೌದೋ ಅಲ್ಲವೋ ಎಂಬುದನ್ನು ಮೆಮೊರಿಯ ಅಂಕಿ ಹೇಳುತ್ತದೆ. ಅದು ತೊಂಬತ್ತರ ಮೇಲೇ ನಿಂತಿದ್ದರೆ ಸಂಶಯ ಬೇಡ. ಪ್ರೊಸೆಸರಿನ ವಿಷಯದಲ್ಲಿ ಮಾತ್ರ ಒಟ್ಟು ಅಂಕಿಯನ್ನು ನಂಬಿ ಮೋಸಹೋಗಬಾರದು. ಸ್ವತಂತ್ರವಾಗಿ ಲೆಕ್ಕ ಮಾಡುವ ಎಂಟು ಕೋರ್‌ಗಳಿರುವ ಪ್ರೊಸೆಸರಿನಲ್ಲಿ ಒಂದೇ ಕೋರ್ ಪೂರ್ತಿ ದುಡಿದು ಉಳಿದ ಏಳು ಸುಮ್ಮನಿದ್ದರೆ ಒಟ್ಟು ಅಂಕಿ ಹೆಚ್ಚುಕಡಿಮೆ 12.5 ಎಂದು ತೋರುತ್ತದೆ; ಆದರೆ ಆ ಒಂದೇ ಕೋರನ್ನು ನೆಚ್ಚಿದ ಹಳೆಯ ತಂತ್ರಾಂಶಕ್ಕೆ ಅದಕ್ಕಿಂತ ವೇಗ ಸಿಗುವುದಿಲ್ಲ. ಆದ್ದರಿಂದ ಕೋರ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ನೋಟವನ್ನು ಆರಿಸಿಕೊಳ್ಳಿ.

ಅಳೆಯುವಾಗಲೇ ಶಾಖವನ್ನೂ ನೋಡಬೇಕು. ಪ್ರೊಸೆಸರ್ ತನ್ನ ಮಿತಿಯಷ್ಟು ಬಿಸಿಯಾದಾಗ, ಇದು ಹಲವು ಮಾದರಿಗಳಲ್ಲಿ 95ರಿಂದ 100 ಡಿಗ್ರಿ ಸೆಲ್ಸಿಯಸ್, ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಚ್ಚದ ಕಂಪ್ಯೂಟರಿನಲ್ಲಿ ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಗೆ ಕಟ್ಟಿಕೊಂಡಿರುತ್ತದೆ, ಪ್ರೊಸೆಸರಿಗೂ ಅದಕ್ಕೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಬಿರುಕುಬಿಟ್ಟಿರುತ್ತದೆ. ಒಂದು ಬ್ರಷ್, ಸ್ವಲ್ಪ ಹೊಸ ಪೇಸ್ಟ್ ಮತ್ತು ಒಂದು ಗಂಟೆಯ ಕೆಲಸದಿಂದ ಮರಳಿ ಬರುವ ವೇಗಕ್ಕೆ ಹೊಸ ಪ್ರೊಸೆಸರ್ ಕೊಳ್ಳಲು ಹೊರಟವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಎರಡು ಬಗೆಗಳ ನಡುವಿನ ವ್ಯತ್ಯಾಸ ಗೊತ್ತಿರಬೇಕು. ಹಾರ್ಡ್‌ಡಿಸ್ಕ್ ಕೂಡ ಬಳಸುವ ಸಾಟಾ ಕೇಬಲ್ಲಿನ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಮದರ್‌ಬೋರ್ಡಿನ ವೇಗದ ದಾರಿಯನ್ನು ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಮೂರನೆಯ ಪೀಳಿಗೆಯವು 3500ರವರೆಗೆ, ನಾಲ್ಕನೆಯ ಪೀಳಿಗೆಯ ವೇಗದ ಮಾದರಿಗಳು 7000ದವರೆಗೆ ಹೋಗುತ್ತವೆ. ಆದರೆ ಹಾರ್ಡ್‌ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಅನುಭವಕ್ಕೆ ಬರುವ ಬದಲಾವಣೆ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಬರುವುದಿಲ್ಲ, ಏಕೆಂದರೆ ನಿತ್ಯದ ಕೆಲಸದಲ್ಲಿ ಎಣಿಕೆಗೆ ಬರುವುದು ದೊಡ್ಡ ಕಡತಗಳ ಓಟಕ್ಕಿಂತ ಹೆಚ್ಚಾಗಿ ಚೂರುಚೂರು ಓದುಗಳು. ಇನ್ನೊಂದು ತೊಡಕು ಎಂ.2 ಎಂಬ ಸ್ಲಾಟಿನದು. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. 2280 ಎಂದು ಬರೆದಿದ್ದರೆ ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್ ಎಂದಷ್ಟೇ ಅರ್ಥ. ಒಂದೇ ರೀತಿ ಕಾಣುವ ಎರಡು ಎಂ.2 ಪಟ್ಟಿಗಳಲ್ಲಿ ಒಂದು ಸಾಟಾದ್ದು, ಇನ್ನೊಂದು ಎನ್‌ವಿಎಂಇ ಆಗಿರಬಹುದು, ಮತ್ತು ಕೆಲವು ಸ್ಲಾಟುಗಳು ಎರಡರಲ್ಲಿ ಒಂದನ್ನು ಮಾತ್ರ ಗುರುತಿಸುತ್ತವೆ. ಮದರ್‌ಬೋರ್ಡಿನ ಕೈಪಿಡಿಯನ್ನು ಓದದೆ ಎಂ.2 ಎಸ್‌ಎಸ್‌ಡಿ ಕೊಳ್ಳಬೇಡಿ.

ರ‍್ಯಾಮ್ ವಿಷಯದಲ್ಲಿ ಮೊದಲು ಪೀಳಿಗೆ ಹೊಂದಬೇಕು. ಡಿಡಿಆರ್3 ಪಟ್ಟಿ 1.5 ವೋಲ್ಟ್, ಡಿಡಿಆರ್4 1.2, ಡಿಡಿಆರ್5 1.1 ವೋಲ್ಟಿನಲ್ಲಿ ನಡೆಯುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕದಂತೆ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಎರಡನೆಯ ಸಂಗತಿ, ಒಂದು 16 ಜಿಬಿ ಪಟ್ಟಿಗಿಂತ ಎರಡು 8 ಜಿಬಿ ಪಟ್ಟಿಗಳು ಮೇಲು ಎಂಬುದು. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ರ‍್ಯಾಮ್‌ನೊಡನೆ ಎರಡು ಚಾನೆಲ್‌ಗಳಲ್ಲಿ ಮಾತನಾಡಬಲ್ಲದು. ಡಿಡಿಆರ್4 3200ರ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಸಾಗಿಸಿದರೆ ಎರಡು ಸೇರಿ 51.2 ಸಾಗಿಸುತ್ತವೆ. ಬರವಣಿಗೆ, ಬ್ರೌಸಿಂಗ್‌ನಂಥ ಕೆಲಸದಲ್ಲಿ ಈ ವ್ಯತ್ಯಾಸ ಅಷ್ಟಾಗಿ ತೋರದು; ಪರದೆಯ ಚಿತ್ರ ರಚಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿದ ಕಂಪ್ಯೂಟರಿನಲ್ಲಿ ಆಟಗಳ ವೇಗವನ್ನು ಇದು ಬಹಳಷ್ಟು ಏರಿಸುತ್ತದೆ, ಏಕೆಂದರೆ ಅಲ್ಲಿ ಚಿತ್ರದ ಮಾಹಿತಿಯೂ ಅದೇ ರ‍್ಯಾಮ್‌ನಲ್ಲಿ ಓಡಾಡುತ್ತದೆ. ಬಿಗಿ ಬಜೆಟ್ಟಿನವರು ಹೆಚ್ಚಾಗಿ ಇಂಥ ಪ್ರೊಸೆಸರನ್ನೇ ಆರಿಸಿಕೊಳ್ಳುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರೂ ಒಂದೇ ಒಕ್ಕಲಿನವು. ಪ್ರೊಸೆಸರ್ ಕೂರುವ ಸಾಕೆಟ್ ಬದಲಾದರೆ ಮದರ್‌ಬೋರ್ಡ್ ಬದಲಾಗಬೇಕು, ಮದರ್‌ಬೋರ್ಡ್ ಬದಲಾದರೆ ಹಲವು ಬಾರಿ ರ‍್ಯಾಮ್ ಕೂಡ ಬದಲಾಗಬೇಕು. ಮೂರನ್ನೂ ಒಟ್ಟಿಗೆ ಕೊಳ್ಳುವ ದಿನವನ್ನು ಆದಷ್ಟು ಮುಂದೂಡುವುದೇ ಇಲ್ಲಿನ ಜಾಣತನ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ತಕ್ಕ ಉದಾಹರಣೆ. 2017ರ ಮೊದಲ ರೈಜನ್ ಪ್ರೊಸೆಸರಿಗಾಗಿ ಕೊಂಡ ಅನೇಕ ಎಎಂ4 ಮದರ್‌ಬೋರ್ಡ್‌ಗಳಲ್ಲಿ, ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಪರಿಷ್ಕರಿಸಿಕೊಂಡ ಮೇಲೆ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂಡ ಕೂರುತ್ತದೆ. ರ‍್ಯಾಮ್ ಅದೇ, ಕ್ಯಾಬಿನೆಟ್ ಅದೇ. ಇದಕ್ಕೆ ವಿರುದ್ಧವಾದ ಉದಾಹರಣೆ ಇಂಟೆಲ್ ಕಂಪನಿಯ ಎಲ್‌ಜಿಎ 1151. ಆರು ಮತ್ತು ಏಳನೆಯ ಪೀಳಿಗೆಯವಕ್ಕೂ ಎಂಟು ಮತ್ತು ಒಂಬತ್ತನೆಯ ಪೀಳಿಗೆಯವಕ್ಕೂ ಸಾಕೆಟ್ಟಿನ ಹೆಸರು ಒಂದೇ, ಪಿನ್ನುಗಳ ಎಣಿಕೆಯೂ ಒಂದೇ. ಆದರೂ ಮೊದಲ ಜೋಡಿಗಾಗಿ ಮಾಡಿದ ಮದರ್‌ಬೋರ್ಡಿನಲ್ಲಿ ಎರಡನೆಯ ಜೋಡಿಯ ಪ್ರೊಸೆಸರ್ ನಡೆಯುವುದಿಲ್ಲ. ಸಾಕೆಟ್ಟಿನ ಹೆಸರು ಹೊಂದಿದ ಮಾತ್ರಕ್ಕೆ ಹಣ ಕೊಡಬಾರದು. ಮದರ್‌ಬೋರ್ಡ್ ತಯಾರಕರು ತಮ್ಮ ಜಾಲತಾಣದಲ್ಲಿ ಪ್ರಕಟಿಸುವ ಪ್ರೊಸೆಸರ್ ಪಟ್ಟಿಯಲ್ಲಿ ನಿಮ್ಮದರ ಹೆಸರಿದೆಯೇ, ಇದ್ದರೆ ಯಾವ ಬಯೋಸ್ ಆವೃತ್ತಿಯಿಂದ ಎಂಬುದನ್ನು ನೋಡಿಕೊಳ್ಳಬೇಕು. ಹೊಸ ಪ್ರೊಸೆಸರನ್ನು ಕೂರಿಸುವುದಕ್ಕೆ ಮೊದಲೇ, ಹಳೆಯದು ಇನ್ನೂ ಸಾಕೆಟ್ಟಿನಲ್ಲಿರುವಾಗ, ಬಯೋಸ್ ಪರಿಷ್ಕರಿಸುವುದು ಸರಿಯಾದ ಕ್ರಮ.

ಹೊಸದಾಗಿ ಕಟ್ಟುವವರ ಮುಂದೆ ಇಲ್ಲಿ ಕವಲುದಾರಿಯಿದೆ. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ ಡಿಡಿಆರ್5 ರ‍್ಯಾಮನ್ನು ಮಾತ್ರ ಒಪ್ಪುತ್ತದೆ, ಆದರೆ ಮುಂದಿನ ಪ್ರೊಸೆಸರುಗಳಿಗೆ ಬಾಗಿಲು ತೆರೆದಿಡುತ್ತದೆ. ಎಎಂ4ರ ದಾರಿ ಮುಂದಕ್ಕೆ ಹೋಗುವುದಿಲ್ಲ, ಆದರೆ ಇದ್ದ ಡಿಡಿಆರ್4 ಪಟ್ಟಿಗಳನ್ನು ಬಳಸಿಕೊಳ್ಳುತ್ತದೆ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ ಮದರ್‌ಬೋರ್ಡನ್ನು ಅವಲಂಬಿಸಿ ಡಿಡಿಆರ್4 ಅಥವಾ ಡಿಡಿಆರ್5 ನಡೆಯುತ್ತದೆ. ಕೈಯಲ್ಲಿ ಒಳ್ಳೆಯ ಡಿಡಿಆರ್4 ಇರುವವರು ಅದನ್ನು ಬಿಸಾಡಿ ಹೊಸ ಪೀಳಿಗೆಗೆ ಹೋಗಬೇಕಾದ ಅವಸರವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್. ಬಜೆಟ್ ಮೀರಿದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೇ, ಮತ್ತು ಕತ್ತರಿ ಹಾಕಲೇಬಾರದ ಭಾಗವೂ ಇದೇ. ಇದು ವೇಗವನ್ನು ಹೆಚ್ಚಿಸುವುದಿಲ್ಲ, ಜಾಹೀರಾತಿನಲ್ಲಿ ಮಿಂಚುವುದಿಲ್ಲ. ಆದರೆ ಉಳಿದ ಎಲ್ಲ ಭಾಗಗಳಿಗೂ ವಿದ್ಯುತ್ ಹೋಗುವುದು ಇದರ ಮೂಲಕ, ಮತ್ತು ಇದು ಕೆಟ್ಟ ರೀತಿಯಲ್ಲಿ ಹಾಳಾದರೆ ತನ್ನೊಡನೆ ಬೇರೆಯವನ್ನೂ ಕೊಂಡೊಯ್ಯುತ್ತದೆ. ಬೇಕಾದ ವ್ಯಾಟ್ ಲೆಕ್ಕ ಕಷ್ಟದ್ದಲ್ಲ. 65 ವ್ಯಾಟ್ ಎಂದು ಬರೆದ ಪ್ರೊಸೆಸರ್ ಭಾರದ ಕೆಲಸದಲ್ಲಿ 90ರ ಸುತ್ತಮುತ್ತ ಎಳೆಯಬಹುದು. ಮಧ್ಯಮ ಗ್ರಾಫಿಕ್ಸ್ ಕಾರ್ಡಿಗೆ 160, ಮಿಕ್ಕದ್ದಕ್ಕೆಲ್ಲ 50 ಎಂದು ಹಿಡಿದರೆ ಒಟ್ಟು 300. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದುಂಟು, ನಾಳೆ ಇನ್ನೊಂದು ಕಾರ್ಡ್ ಬರಬಹುದು. ಆದ್ದರಿಂದ ಒಳ್ಳೆಯ ತಯಾರಕರ 500 ಅಥವಾ 550 ವ್ಯಾಟಿನದು ಸಾಕು. ಹೆಸರಿಲ್ಲದ 750ಕ್ಕಿಂತ ನಂಬಿಕೆಯ 500 ಲೇಸು. 2004ರಲ್ಲಿ ಶುರುವಾದ 80 ಪ್ಲಸ್ ಎಂಬ ಗುರುತು ಎಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ತಿಳಿಸುತ್ತದೆ: 300 ವ್ಯಾಟ್ ಕೊಡಲು ಶೇ 80ರ ದಕ್ಷತೆಯದು ಗೋಡೆಯಿಂದ 375 ವ್ಯಾಟ್ ಎಳೆದರೆ ಶೇ 90ರದು 333 ಎಳೆಯುತ್ತದೆ. ಆದರೆ ವೋಲ್ಟೇಜ್ ಏರುಪೇರಾದಾಗ ಅಥವಾ ಶಾರ್ಟ್ ಆದಾಗ ಅದು ಎಷ್ಟು ಚೆನ್ನಾಗಿ ರಕ್ಷಿಸುತ್ತದೆ ಎಂಬುದನ್ನು ಈ ಗುರುತು ಹೇಳುವುದಿಲ್ಲ. ಅದಕ್ಕಾಗಿ ಎಸ್‌ಎಂಪಿಎಸ್‌ಗಳನ್ನು ಬಿಚ್ಚಿ ಅಳೆದು ಬರೆದ ವಿಮರ್ಶೆಗಳನ್ನು ಓದಬೇಕು, ವಾರಂಟಿ ಎಷ್ಟು ವರ್ಷ ಎಂದು ನೋಡಬೇಕು.

ಒಂದು ಎಚ್ಚರಿಕೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಬಿಚ್ಚಿ ಹಾಕಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಬದಲಾಯಿಸುವಾಗ ಹಳೆಯ ಕೇಬಲ್‌ಗಳನ್ನು ಹಾಗೆಯೇ ಬಿಟ್ಟು ಹೊಸ ಪೆಟ್ಟಿಗೆಗೆ ಸಿಕ್ಕಿಸಿದೆ. ಅವು ಸರಿಯಾಗಿಯೇ ಕೂತವು, ಮತ್ತು ವಿದ್ಯುತ್ ಹಾಕಿದ ಕ್ಷಣದಲ್ಲಿ ನಾಲ್ಕು ವರ್ಷದ ಚಿತ್ರಗಳಿದ್ದ ಹಾರ್ಡ್‌ಡಿಸ್ಕ್ ಸುಟ್ಟುಹೋಯಿತು. ಕೇಬಲ್ಲಿನ ಡಿಸ್ಕ್ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಅಲ್ಲಿ ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ಎಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ತೆರನಾಗಿರುತ್ತದೆ. ಪೆಟ್ಟಿಗೆ ಬದಲಾದರೆ ಅದರ ಎಲ್ಲ ಕೇಬಲ್‌ಗಳೂ ಬದಲಾಗಲೇಬೇಕು.

ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ಬರವಣಿಗೆ, ಲೆಕ್ಕಪತ್ರ, ವಿಡಿಯೊ ನೋಡುವುದು, ಪ್ರೋಗ್ರಾಮಿಂಗ್ ಕಲಿಯುವುದು ಇವಕ್ಕೆಲ್ಲ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಧಾರಾಳ. ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಈ ಸೌಲಭ್ಯವಿಲ್ಲ, ಎಎಂ4 ರೈಜನ್‌ಗಳಲ್ಲಿ ‘ಜಿ’ ಅಕ್ಷರವಿರುವವುಗಳಲ್ಲಿ ಮಾತ್ರ ಇದೆ. ಇದನ್ನು ಗಮನಿಸದೆ ಕಡಿಮೆ ಬೆಲೆಯದೆಂದು ಕೊಂಡರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಟಕ್ಕೆ, ವಿಡಿಯೊ ಸಂಕಲನಕ್ಕೆ ಕಾರ್ಡ್ ಬೇಕೆನ್ನುವವರು ಮಾನಿಟರನ್ನು ನೋಡಿ ನಿರ್ಧರಿಸಬೇಕು. 1920ಕ್ಕೆ 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ, 4ಕೆ ಪರದೆಯಲ್ಲಿ ಸರಿಯಾಗಿ ಅದರ ನಾಲ್ಕರಷ್ಟು. ಚುಕ್ಕಿಗಳು ಹೆಚ್ಚಿದಷ್ಟೂ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಕಡಿಮೆಯಾದಷ್ಟೂ ಪ್ರೊಸೆಸರಿನ ಮೇಲೆ ಬೀಳುತ್ತದೆ. ಕಡಿಮೆ ಚುಕ್ಕಿಗಳ ಪರದೆಗೆ ದುಬಾರಿ ಕಾರ್ಡ್ ಹಾಕಿದರೆ ಅದು ಹಳೆಯ ಪ್ರೊಸೆಸರಿಗಾಗಿ ಕಾಯುತ್ತಾ ಕೂರುತ್ತದೆ. ಸ್ಲಾಟ್ ಮಟ್ಟದಲ್ಲೂ ಒಂದು ಸೂಕ್ಷ್ಮವಿದೆ. 2022ರ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಹದಿನಾರರ ಬದಲು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳನ್ನು ಬಳಸುತ್ತದೆ. ನಾಲ್ಕನೆಯ ಪೀಳಿಗೆಯ ಸ್ಲಾಟಿನಲ್ಲಿ ಅದು ನಡೆದುಹೋಗುತ್ತದೆ, ಮೂರನೆಯ ಪೀಳಿಗೆಯದರಲ್ಲಿ ದಾರಿಯಲ್ಲಿ ಸಾಗಬಲ್ಲ ಮಾಹಿತಿ ಅರ್ಧವಾಗಿ ವೇಗ ಕುಸಿಯುತ್ತದೆ. ಹಳೆಯ ಯಂತ್ರಕ್ಕೆ ಅಗ್ಗದ ಕಾರ್ಡ್ ಹುಡುಕುವವರಿಗೇ ಇದು ಹೆಚ್ಚು ತಟ್ಟುವ ವಿಷಯ.

ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳು ಅತಿ ಕಡಿಮೆ ಹಣದಲ್ಲಿ ಸಿಗುವ ಒಳ್ಳೆಯ ಬುನಾದಿ. ಆದರೆ ಅವುಗಳಲ್ಲಿ ಹಲವದರ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ ಎಟಿಎಕ್ಸ್ ನಿಯಮದವಲ್ಲ. ಕನೆಕ್ಟರ್ ಬೇರೆ, ಸ್ಕ್ರೂ ತೂತು ಬೇರೆ. ಅಂಥವುಗಳಲ್ಲಿ ಸ್ಲಾಟ್ ಒಂದೇ ಕೊಡಬಲ್ಲ 75 ವ್ಯಾಟಿನೊಳಗೆ ನಡೆಯುವ, ಕುಳ್ಳು ಗಾತ್ರದ ಗ್ರಾಫಿಕ್ಸ್ ಕಾರ್ಡ್ ಮಾತ್ರ ಹಿಡಿಸುತ್ತದೆ. ತಂತ್ರಾಂಶದ ಕಡೆಯಿಂದಲೂ ನೋಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕೇಳುವುದರ ಜೊತೆಗೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ರೈಜನ್ 2000 ಸಾಲಿನಿಂದ ಈಚೆಗಿನ ಪ್ರೊಸೆಸರನ್ನೇ ಬಯಸುತ್ತದೆ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡರೆ ಇನ್ನೂ ಹಲವು ವರ್ಷ ಸುರಕ್ಷಿತವಾಗಿ ದುಡಿಸಬಹುದು. ಬಿಡಿಭಾಗಗಳಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಅಪರೂಪಕ್ಕೆ ಹಾಳಾಗುವುದರಿಂದ ಅವನ್ನು ಬಳಸಿದ್ದೇ ಕೊಂಡರೂ ಅಪಾಯ ಕಡಿಮೆ. ಹಾರ್ಡ್‌ಡಿಸ್ಕ್ ಮತ್ತು ಎಸ್‌ಎಂಪಿಎಸ್ ಹೊಸದಾಗಿಯೇ ಇರಲಿ.

ಬೆಲೆಗಳು ಒಂದೇ ದಿಕ್ಕಿನಲ್ಲಿ ಇಳಿಯುತ್ತವೆ ಎಂದು ನಂಬಿ ಕಾಯುವುದೂ ಸರಿಯಲ್ಲ. 2011ರಲ್ಲಿ ಥಾಯ್ಲೆಂಡಿನ ಪ್ರವಾಹ ಹಾರ್ಡ್‌ಡಿಸ್ಕ್ ಬೆಲೆಯನ್ನು ಏರಿಸಿತು; 2021ರಲ್ಲಿ ಚಿಪ್‌ಗಳ ಕೊರತೆ ಮತ್ತು ಕ್ರಿಪ್ಟೊ ಗಣಿಗಾರಿಕೆ ಸೇರಿ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಕೈಗೆಟುಕದಂತೆ ಮಾಡಿದವು; 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಿಗಿಯಿತು. ಆದ್ದರಿಂದ ಹೊಸ ಕಂಪ್ಯೂಟರನ್ನು ಕಂತುಕಂತಾಗಿ ಬೆಳೆಯುವಂತೆ ಯೋಜಿಸುವುದು ಮೇಲು: ಮೊದಲು ಒಳಗಿನ ಗ್ರಾಫಿಕ್ಸ್ ಇರುವ ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟುಗಳ ಮದರ್‌ಬೋರ್ಡ್, ಎರಡು ಪಟ್ಟಿ, ಒಂದು ಎಸ್‌ಎಸ್‌ಡಿ, ಮುಂದಿನ ಕಾರ್ಡಿಗೂ ಸಾಲುವ ಎಸ್‌ಎಂಪಿಎಸ್; ಗ್ರಾಫಿಕ್ಸ್ ಕಾರ್ಡ್ ಅದರ ಬೆಲೆ ಅನುಕೂಲವಾದಾಗ.

ಜೋಡಣೆ ಹೊರಗಿನಿಂದ ಕಾಣುವಷ್ಟು ಕಷ್ಟದ್ದಲ್ಲ. ಮನುಷ್ಯನಿಗೆ ಸ್ಥಾಯಿ ವಿದ್ಯುತ್ತಿನ ಚುರುಕು ತಿಳಿಯುವುದು ಸುಮಾರು 3000 ವೋಲ್ಟ್ ದಾಟಿದ ಮೇಲೆ, ಚಿಪ್‌ಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಹಾಳಾಗಬಲ್ಲವು. ಆದ್ದರಿಂದ ಕೆಲಸದ ನಡುನಡುವೆ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿರಿ. ಪ್ರೊಸೆಸರ್, ರ‍್ಯಾಮ್, ಎಂ.2 ಎಸ್‌ಎಸ್‌ಡಿ ಮತ್ತು ಕೂಲರನ್ನು ಮದರ್‌ಬೋರ್ಡ್ ಮೇಜಿನ ಮೇಲಿರುವಾಗಲೇ ಕೂರಿಸುವುದು ಸುಲಭ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿದರೆ ಅದು ತನ್ನ ಭಾರದಿಂದಲೇ ಕೂರುತ್ತದೆ, ಒತ್ತಬಾರದು. ರ‍್ಯಾಮ್ ಮಾತ್ರ ಗಟ್ಟಿಯಾಗಿ ಒತ್ತಿದರೇ ಕ್ಲಿಪ್ ಬೀಳುತ್ತದೆ. ನಾಲ್ಕು ಸ್ಲಾಟುಗಳಿದ್ದರೆ ಎರಡು ಪಟ್ಟಿಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕ್ಯಾಬಿನೆಟ್ಟಿನಲ್ಲಿ ಮದರ್‌ಬೋರ್ಡಿನ ತೂತುಗಳಿರುವ ಕಡೆಯಷ್ಟೇ ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಮೊಳೆಗಾಲುಗಳಿರಲಿ. ತೂತಿಲ್ಲದ ಕಡೆ ಒಂದು ಉಳಿದಿದ್ದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು. ಮದರ್‌ಬೋರ್ಡಿಗೆ 24 ಪಿನ್ನಿನ ಕೇಬಲ್ಲಿನ ಜೊತೆಗೆ ಪ್ರೊಸೆಸರಿಗಾಗಿ ಮೂಲೆಯಲ್ಲಿ ಇನ್ನೊಂದು 8 ಪಿನ್ನಿನದು ಬೇಕು. ಫ್ಯಾನ್ ತಿರುಗಿಯೂ ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಸೇರಬೇಕು.

ಡಿಡಿಆರ್5 ಇರುವ ಯಂತ್ರ ಮೊದಲ ಸಲ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು; ಪರದೆ ಕಪ್ಪಾಗಿದೆಯೆಂದು ಆಗ ಸ್ವಿಚ್ ಆರಿಸಬೇಡಿ. ಚಿತ್ರ ಬಂದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಆನ್ ಮಾಡಿ, ಇಲ್ಲವಾದರೆ ನೀವು ಹಣ ಕೊಟ್ಟ ವೇಗಕ್ಕಿಂತ ಕಡಿಮೆ ವೇಗದಲ್ಲೇ ರ‍್ಯಾಮ್ ಓಡುತ್ತಿರುತ್ತದೆ. ಆ ರಾತ್ರಿ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಓಡಲು ಬಿಡಿ. ಒಂದು ದೋಷ ಕಂಡರೂ ವಾರಂಟಿ ಇರುವಾಗಲೇ ಪಟ್ಟಿ ಬದಲಾಯಿಸಿಕೊಳ್ಳಿ. ಮರುದಿನ ಪ್ರೊಸೆಸರಿನ ಶಾಖ, ಆರಂಭಕ್ಕೆ ಹಿಡಿದ ಸೆಕೆಂಡು, ಡಿಸ್ಕ್ ಮತ್ತು ಮೆಮೊರಿಯ ಅಂಕಿಗಳನ್ನು ಬಿಲ್ಲಿನ ಹಿಂಬದಿಯಲ್ಲೇ ಬರೆದು ಕ್ಯಾಬಿನೆಟ್ಟಿನೊಳಗೆ ಅಂಟಿಸಿ. ಮೂರು ವರ್ಷದ ನಂತರ ಯಂತ್ರ ಮತ್ತೆ ನಿಧಾನವಾಯಿತೆಂದು ಅನಿಸಿದಾಗ ಹೊಸ ಅಂಕಿಗಳನ್ನು ಅದೇ ಚೀಟಿಯ ಪಕ್ಕ ಇಟ್ಟು ನೋಡಿದರೆ ಯಾವ ಭಾಗ ಹಿಂದೆ ಬಿದ್ದಿದೆ ಎಂಬುದು ಅಲ್ಲೇ ಸಿಗುತ್ತದೆ.